4.3ರ ದೋಸೆ, 4.4ರ ದೋಸೆ

ಬೆಂಗಳೂರಿನಲ್ಲಿ ಈಗ ಹಸಿವಾದರೆ ಯಾರೂ ಹೋಟೆಲಿಗೆ ಹೋಗುವುದಿಲ್ಲ, ಮೊದಲು ಫೋನಿಗೆ ಹೋಗುತ್ತಾರೆ. ಮನೆ ತಿರುವಿನಲ್ಲೇ ಇರುವ ದರ್ಶಿನಿಗೆ ಆಪಿನಲ್ಲಿ ಗಿರಾಕಿಗಳು ಕೊಟ್ಟ ಅಂಕ ಐದಕ್ಕೆ 4.1 ಇದೆ, ಊರಿನ ಇನ್ನೊಂದು ತುದಿಯದಕ್ಕೆ 4.4. ಈ ಸೊನ್ನೆ ಪಾಯಿಂಟ್ ಮೂರನ್ನು ವಸೂಲು ಮಾಡಲು ಭಾನುವಾರ ಬೆಳಿಗ್ಗೆ ಸಂಸಾರವೆಲ್ಲ ಕಾರು ಹತ್ತುತ್ತದೆ. ಹೋಗಲು ಒಂದು ಗಂಟೆ, ಗಾಡಿ ನಿಲ್ಲಿಸಲು ಕಾಲು ಗಂಟೆ, ಬಾಗಿಲಲ್ಲಿ ಹೆಸರು ಬರೆಸಿ ಕಾಯಲು ಮುಕ್ಕಾಲು ಗಂಟೆ. ಅಷ್ಟು ಹೊತ್ತಿಗೆ ಹಸಿವು ಯಾವ ಹದಕ್ಕೆ ಬಂದಿರುತ್ತದೆಂದರೆ ಟೇಬಲ್ ಒರೆಸುವ ಬಟ್ಟೆ ತಂದಿಟ್ಟರೂ ಚಟ್ನಿ ಹಚ್ಚಿಕೊಂಡು ತಿಂದು ಐದು ನಕ್ಷತ್ರ ಕೊಟ್ಟಾರು. ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂದ ಹಿರಿಯರು ಈ ಕಾಲ ನೋಡಲಿಲ್ಲ. ಈಗ ಊಟವೂ ಪರರಿಚ್ಛೆಯೇ.

ಈ ದಶಾಂಶದ ಮಹಿಮೆಯನ್ನು ಒಮ್ಮೆ ಲೆಕ್ಕ ಹಾಕಿ ನೋಡಬೇಕು. ಹೊಸ ಹೋಟೆಲೊಂದಕ್ಕೆ 40 ಜನ ಅಂಕ ಕೊಟ್ಟು ಸರಾಸರಿ 4.5 ಬಂದಿದೆ ಅನ್ನಿ. ನಲವತ್ತೊಂದನೆಯವನು ಬಂದ, ಸ್ಕೂಟರ್ ನಿಲ್ಲಿಸಲು ಜಾಗ ಸಿಗಲಿಲ್ಲ, ಒಂದು ನಕ್ಷತ್ರ ಒಗೆದು ಹೊರಟುಹೋದ. ಸರಾಸರಿ 4.4. ಅದೇ, 20,000 ಜನ ಅಂಕ ಕೊಟ್ಟಿರುವ 4.4ರ ಹೋಟೆಲಿಗೆ 200 ಜನ ಸಾಲಾಗಿ ಬಂದು ಒಂದೊಂದೇ ನಕ್ಷತ್ರ ಕೊಟ್ಟುಹೋಗಲಿ, ಲೆಕ್ಕ 4.366ಕ್ಕೆ ಇಳಿಯುತ್ತದೆ, ಪರದೆಯ ಮೇಲೆ ಮಾತ್ರ ಅದೇ 4.4. ಅಂದರೆ ದೊಡ್ಡ ಹೋಟೆಲಿನವರು ವಾರವಿಡೀ ಸಾಂಬಾರ್ ಸೀಯಿಸಿದರೂ ನಕ್ಷತ್ರ ಮಿನುಗುತ್ತಲೇ ಇರುತ್ತದೆ. ಸಣ್ಣವನಿಗೆ ಒಂದು ಸ್ಕೂಟರ್ ಸಾಕು. ಇದನ್ನು ನಾವು ಜನಾಭಿಪ್ರಾಯ ಅನ್ನುತ್ತೇವೆ.

ಆ ಅಂಕಗಳಲ್ಲಿ ತಿಂಡಿಯ ಪಾಲೆಷ್ಟು ಎಂದು ಹುಡುಕುವುದು ಉಪ್ಪಿಟ್ಟಿನಲ್ಲಿ ಗೋಡಂಬಿ ಹುಡುಕಿದ ಹಾಗೆ. ಗಲ್ಲಾದಲ್ಲಿ ಕೂತವರು ನಗಲಿಲ್ಲ, ಎರಡು ಅಂಕ ಕಟ್. ಕೈ ತೊಳೆಯುವ ಕಡೆ ಕನ್ನಡಿ ಇಲ್ಲ, ಇನ್ನೊಂದು ಕಟ್. ಹಳೇ ಹೋಟೆಲುಗಳ ಪೈಕಿ ವಿದ್ಯಾರ್ಥಿ ಭವನಕ್ಕೆ ಶುಕ್ರವಾರ ರಜೆ, ಎಂಟಿಆರ್‌ಗೆ ಸೋಮವಾರ ರಜೆ; ಇದು ಗಾಂಧಿಬಜಾರಿನ, ಲಾಲ್‌ಬಾಗ್ ರಸ್ತೆಯ ಬೀದಿನಾಯಿಗೂ ಗೊತ್ತು. ಗೊತ್ತಿಲ್ಲದೆ ಹೋದವರು ಮುಚ್ಚಿದ ಬಾಗಿಲನ್ನೂ ರುಚಿ ನೋಡಿ ಅಂಕ ಕೊಡಬಲ್ಲರು. ತಿನ್ನದ ದೋಸೆಗೂ ನಕ್ಷತ್ರ ಕೊಡುವ ಸೌಲಭ್ಯ ನಮ್ಮ ಅಜ್ಜಂದಿರಿಗೆ ಇರಲಿಲ್ಲ.

ಇನ್ನು ದೋಸೆಯ ವಿಷಯ. ಒಂದೇ ಹೋಟೆಲಿನ, ಒಂದೇ ಕಾವಲಿಯ, ಒಂದೇ ಸಲ ಹುಯ್ದ ದೋಸೆಗಳೇ ಒಂದರಂತೆ ಒಂದಿರುವುದಿಲ್ಲ ಎಂಬ ಸರಳ ಸಂಗತಿಯಿಂದ ಶುರು ಮಾಡೋಣ. ಹೋಟೆಲಿನ ಕಾವಲಿ ಒಂದು ಸಣ್ಣ ಮಂಚದಷ್ಟಿರುತ್ತದೆ. ಎಂಟರಿಂದ ಹನ್ನೆರಡು ದೋಸೆ ಹಿಡಿಯುತ್ತದೆ. ಉರಿ ಕೆಳಗೆ ನಡುವಿನಲ್ಲಿ, ಹಾಗಾಗಿ ಕಾವು ನಡುವೆ ಜಾಸ್ತಿ, ಮೂಲೆಯಲ್ಲಿ ಕಡಿಮೆ. ಚಿಮುಕಿಸಿದ ನೀರು ಮುತ್ತಿನಂತೆ ಉರುಳಾಡಿದರೆ ಕಾವಲಿ ಮಿತಿಮೀರಿ ಕಾದಿದೆ ಎಂದರ್ಥ. ಆಗ ಹಿಟ್ಟು ಹುಯ್ದರೆ ಅದು ಕಾವಲಿಗೆ ಹಿಡಿಯದೆ ಸೌಟಿನ ತಳಕ್ಕೇ ಅಂಟಿಕೊಂಡು ಮುದ್ದೆಯಾಗಿ ಎದ್ದುಬರುತ್ತದೆ. ಆದ್ದರಿಂದ ಭಟ್ಟರು ಒಂದು ಚೆಂಬು ನೀರು ಚೆಲ್ಲಿ, ತೆಂಗಿನ ಕಡ್ಡಿ ಪೊರಕೆಯಲ್ಲಿ ಸರ್ರನೆ ಗುಡಿಸಿ, ಕಾವು ಇಳಿಸಿ, ಆಮೇಲೆ ಹುಯ್ಯುತ್ತಾರೆ. ಈ ನೀರು–ಪೊರಕೆಯ ಹತ್ತು ಸೆಕೆಂಡಿನಲ್ಲಿ ದೋಸೆಯ ಅರ್ಧ ಜಾತಕ ಬರೆದಾಗಿರುತ್ತದೆ. ಭಾನುವಾರ ಒಂಬತ್ತೂವರೆಗೆ, ಇಪ್ಪತ್ತು ಟೋಕನ್ ಬಾಕಿ ಇದ್ದಾಗ, ಹತ್ತು ಸೆಕೆಂಡು ನಾಲ್ಕಾಗುತ್ತದೆ.

ಈಗ ಗಂಡನ ತಟ್ಟೆಗೆ ನಡುವಿನ ದೋಸೆ ಬಂತು, ಜೇನಿನ ಬಣ್ಣ, ಮುರಿದರೆ ಚಟ್ ಅನ್ನುತ್ತದೆ. ಹೆಂಡತಿಯ ತಟ್ಟೆಗೆ ಮೂಲೆಯದು, ಬಿಳಿಚಿಕೊಂಡು ಮೆತ್ತಗಿದೆ. ಅವರು ಐದು ಕೊಟ್ಟರು, ಇವರು ಮೂರು ಕೊಟ್ಟರು. ಹಿಟ್ಟು ಅದೇ, ಕೈ ಅದೇ, ಎರಡರ ನಡುವೆ ದೂರ ಒಂದೂವರೆ ಅಡಿ. ಜೊತೆಗೆ ಬಂದ ಮಗ ಅಡುಗೆಮನೆಯ ಕಡೆ ಇಣುಕಿ ‘ಪೊರಕೆಯಲ್ಲಿ ಗುಡಿಸಿದ ಜಾಗದಲ್ಲೇ ದೋಸೆ ಮಾಡುತ್ತಾರೆ’ ಎಂದು ಬರೆದು ಒಂದು ಕೊಟ್ಟ. ಕಾವಲಿಗೆಂದೇ ಇಟ್ಟ ಪೊರಕೆ ಅದು, ನೆಲ ಕಂಡದ್ದೇ ಇಲ್ಲ. ಇರಲಿ, ಸರಾಸರಿ ಮೂರು ಬಂತು.

ಹಿಟ್ಟಿನ ಕಥೆ ಇನ್ನೂ ಸೂಕ್ಷ್ಮ. ನಾಲ್ಕು ಪಾಲು ಅಕ್ಕಿಗೆ ಒಂದು ಪಾಲು ಉದ್ದು, ಒಂದು ಚಮಚ ಮೆಂತ್ಯ, ಬಣ್ಣಕ್ಕೆ ಒಂದು ಹಿಡಿ ಕಡಲೆಬೇಳೆ, ಒಂದಿಷ್ಟು ಅವಲಕ್ಕಿ ಎಂಬುದು ಸಾಮಾನ್ಯ ಲೆಕ್ಕ. ಪ್ರತಿ ಭಟ್ಟರೂ ಇದರಲ್ಲಿ ತಮ್ಮ ಕೈ ಆಡಿಸುತ್ತಾರೆ. ಏಪ್ರಿಲ್‌ನಲ್ಲಿ ಆರೇಳು ಗಂಟೆಗೆ ಉಬ್ಬಿ ಡಬರಿಯಿಂದ ಹೊರಗೆ ಬರುವ ಹಿಟ್ಟು ಡಿಸೆಂಬರಿನ ಚಳಿಯಲ್ಲಿ ಹನ್ನೆರಡು ಗಂಟೆಯಾದರೂ ಮುಸುಕು ಹೊದ್ದು ಮಲಗಿರುತ್ತದೆ. ಬೆಳಿಗ್ಗೆ ಏಳರ ಹಿಟ್ಟು ಹನ್ನೊಂದೂವರೆಗೆ ಅದೇ ಹಿಟ್ಟಲ್ಲ, ಅಷ್ಟು ಹೊತ್ತೂ ಹುಳಿಯಾಗುತ್ತಲೇ ಇರುತ್ತದೆ. ಹುಳಿ ಏರಿದ ಹಿಟ್ಟಿಗೆ ಬಣ್ಣ ಬರುವುದಿಲ್ಲ. ಹುಳಿಗೆ ಹೆದರಿ ಫ್ರಿಜ್ಜಿನಲ್ಲಿಟ್ಟು, ತಣ್ಣಗಿರುವಾಗಲೇ ಹುಯ್ದರೆ ಅದಕ್ಕೂ ಬಣ್ಣವಿಲ್ಲ, ಮೇಲಾಗಿ ಕಾವಲಿಗೆ ಅಂಟುತ್ತದೆ. ಆದ್ದರಿಂದ ಪ್ರಾಮಾಣಿಕವಾಗಿ ಹೋಟೆಲ್ ಹೋಲಿಸುವವರು ತಿಂಗಳು, ಗಂಟೆ, ಕಾವಲಿಯ ಮೂಲೆ ಮೂರನ್ನೂ ನಮೂದಿಸಬೇಕು. ಆಪಿನಲ್ಲಿ ಇದಕ್ಕೆಲ್ಲ ಕಾಲಂ ಇಲ್ಲ. ‘ಆಂಬಿಯೆನ್ಸ್’ ಎಂಬುದಕ್ಕೆ ಇದೆ.

ಹೋಲಿಸಲು ಹೊರಟವರ ಇನ್ನೊಂದು ಸಾಹಸವೆಂದರೆ ಆನೆಗೂ ಅಡಿಕೆಗೂ ಒಂದೇ ತಕ್ಕಡಿ ಹಿಡಿಯುವುದು. ಎಂಟಿಆರ್ 1924ರದ್ದು. ಎರಡನೇ ಮಹಾಯುದ್ಧದ ಕಾಲದಲ್ಲಿ ಅಕ್ಕಿ ಸಿಗದೆ ರವೆಯಲ್ಲಿ ಇಡ್ಲಿ ಮಾಡಿದೆವು ಎನ್ನುವುದು ಅವರ ಮಾತು. ರವೆ ಇಡ್ಲಿಗೆ ಹಿಟ್ಟು ರಾತ್ರಿಯಿಡೀ ಉಬ್ಬುವ ಹಂಗಿಲ್ಲ. ಹುರಿದ ರವೆ, ಮೊಸರು, ಚಿಟಿಕೆ ಸೋಡಾ, ಇಪ್ಪತ್ತು ನಿಮಿಷ ನೆನೆದರೆ ಮುಗಿಯಿತು. ಅದನ್ನು ಮುರಿದು ನೋಡಿ ‘ಮಲ್ಲಿಗೆ ಇಡ್ಲಿಯಷ್ಟು ಮೃದು ಇಲ್ಲ’ ಎನ್ನುವುದು ಚಪಾತಿ ಪೂರಿಯಂತೆ ಉಬ್ಬಲಿಲ್ಲ ಎಂದು ದೂರಿದಂತೆ. ಶಂಕರಪುರದ ಬ್ರಾಹ್ಮಿನ್ಸ್ ಕಾಫಿ ಬಾರ್ 1965ರಿಂದ ಇಡ್ಲಿ–ವಡೆಗೆ ಚಟ್ನಿ ಮಾತ್ರ ಕೊಡುತ್ತದೆ, ಸಾಂಬಾರ್ ಇಲ್ಲ. ಎಲ್ಲ ಹೋಟೆಲಿಗೂ ‘ಸಾಂಬಾರ್: 5ಕ್ಕೆ ಎಷ್ಟು?’ ಎಂಬ ಪಟ್ಟಿ ಹಿಡಿದು ಹೊರಟವರು ಅಲ್ಲಿ ಏನು ಬರೆಯಬೇಕು? ಸೊನ್ನೆ ಬರೆದರೆ ಅದು ಇಲ್ಲದ ಸಾಂಬಾರಿನ ರುಚಿ.

ದಾವಣಗೆರೆ ಬೆಣ್ಣೆದೋಸೆಯ ಪಾಡು ಇದಕ್ಕಿಂತ ಕಷ್ಟ. ಅದರ ಹಿಟ್ಟಿಗೆ ಮಂಡಕ್ಕಿ ಬೀಳುತ್ತದೆ, ಪಲ್ಯಕ್ಕೆ ಅರಿಶಿನ ಬೀಳುವುದಿಲ್ಲ, ಒಳಗೆ ಕೆಂಪು ಚಟ್ನಿ ಸವರುವುದಿಲ್ಲ. ಮಲ್ಲೇಶ್ವರದ ಸಿಟಿಆರ್‌ನ ಬೆಣ್ಣೆ ಮಸಾಲೆ ಬೇರೆಯೇ ಮನೆತನ. ಹೆಸರಿನಲ್ಲಿ ಬೆಣ್ಣೆ ಇದೆಯೆಂದು ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ‘ಯಾವುದು ಬೆಸ್ಟ್? ಕಮೆಂಟ್ ಮಾಡಿ!’ ಎಂದು ರೀಲ್ ಬಿಡುತ್ತಾರೆ. ಬೆಂಗಳೂರಿನ ಸಾಂಬಾರಿಗೆ ಬೆಲ್ಲ ಬಿದ್ದಿದೆ ಎಂದು ಚೆನ್ನೈಯವರು ಕೋಪಿಸಿಕೊಳ್ಳುವುದೂ ಇದೇ ವರ್ಗದ ವಿಮರ್ಶೆ. ಬೆಲ್ಲ ಕೈತಪ್ಪಿ ಬಿದ್ದದ್ದಲ್ಲ ಸ್ವಾಮಿ, ಉಡುಪಿಯಿಂದ ಬರುವಾಗ ಬೇಕೆಂದೇ ಹೊತ್ತು ತಂದದ್ದು.

ಕ್ಯಾಮೆರಾ ಬಂದ ಮೇಲೆ ತುಪ್ಪದ ಕೆಲಸವೂ ಬದಲಾಯಿತು. ತುಪ್ಪ ಹಾಕಬೇಕಾದ್ದು ದೋಸೆಯ ಮೇಲ್ಭಾಗ ಇನ್ನೂ ಹಸಿಯಿದ್ದು ಹಬೆ ಏಳುತ್ತಿರುವಾಗ, ಅಂಚಿನ ಸುತ್ತ, ಒಂದು ಚಮಚ. ಆಗ ಅದು ಅಡಿಗೆ ಇಳಿದು ಕಾವನ್ನು ಸಮವಾಗಿ ಹರಡಿ, ಗರಿ ಬರಿಸುತ್ತದೆ. ಈಗ ಪದ್ಧತಿಯೆಂದರೆ ದೋಸೆ ಪೂರ್ತಿ ಗರಿಯಾದ ಮೇಲೆ, ಮಡಿಸಿದ ಮೇಲೆ, ಫೋನು ಹತ್ತಿರ ಬಂದ ಮೇಲೆ, ಸೌಟಿನಲ್ಲಿ ಧಾರೆ ಎರೆಯುವುದು. ಆ ತುಪ್ಪಕ್ಕೆ ಬೇಯಿಸುವ ಕೆಲಸ ಉಳಿದಿರುವುದಿಲ್ಲ. ದೋಸೆಯೊಳಗೆ ಇಂಗಿ ಅದನ್ನು ಒದ್ದೆ ಬನಿಯನ್ ಮಾಡುತ್ತದೆ. ಮೇಲಿಡುವ ಬೆಣ್ಣೆ ಉಂಡೆ ಇನ್ನೂ ವಿಶೇಷ: ಬೆಣ್ಣೆಯಲ್ಲಿ ನೂರಕ್ಕೆ ಹದಿನಾರರಷ್ಟು ನೀರೇ ಇರುತ್ತದೆ. ಗರಿಗರಿ ದೋಸೆಯ ಮೇಲೆ ನೀರು ಕಾಯಿಸಿದರೆ ಏನಾಗಬೇಕೋ ಅದೇ ಆಗುತ್ತದೆ. ಆದರೂ ತುಪ್ಪ ತೊಟ್ಟಿಕ್ಕದ ದೋಸೆಗೆ ಲೈಕ್ ಬರುವುದಿಲ್ಲವಾಗಿ, ಹಿಂದೆ ಒಂದೊಂದು ಬಡಾವಣೆಗೆ ಒಂದೊಂದು ರುಚಿಯಿದ್ದ ಊರಿನಲ್ಲಿ ಈಗ ಎಲ್ಲ ಕಡೆ ಒಂದೇ ಅಭ್ಯಂಜನ. ಹೋಲಿಸಿ ಹೋಲಿಸಿ, ಹೋಲಿಸಲು ಏನೂ ಉಳಿಯದಂತೆ ಮಾಡಿದ ಕೀರ್ತಿ ನಮ್ಮದು.

ಮೊನ್ನೆ ತಾನೇ ಬಾಗಿಲು ತೆರೆದ ಕೆಫೆಯ ಗೋಡೆಯಲ್ಲಿ ಕಪ್ಪು–ಬಿಳುಪು ಫೋಟೋ, ಮೂಲೆಯಲ್ಲಿ ಹಿತ್ತಾಳೆ ಹಂಡೆ, ತಿರುಗದ ಬೀಸುಕಲ್ಲು. ಹಿಟ್ಟು ಮಾತ್ರ ಬೆಳಿಗ್ಗೆ ವ್ಯಾನಿನಲ್ಲಿ ಬಂದು ಇಳಿಯುತ್ತದೆ. ‘ಅಥೆಂಟಿಕ್ ವೈಬ್’ ಎಂದು ಅಂಕ ಬೀಳುವುದು ಇಲ್ಲಿಗೇ.

ಮನೆಗೆ ತರಿಸಿಕೊಂಡು ಹೋಲಿಸುವವರದು ಇನ್ನೊಂದು ಪಂಗಡ. ಮಸಾಲೆದೋಸೆಯೊಳಗೆ ಬಿಸಿ ಪಲ್ಯ, ಅದರಿಂದ ಹಬೆ, ಹಬೆಗೆ ಹೊರಹೋಗಲು ದಾರಿಯಿಲ್ಲದ ಪ್ಲಾಸ್ಟಿಕ್ ಡಬ್ಬಿ. ಹತ್ತು ನಿಮಿಷಕ್ಕೆ ಮುಚ್ಚಳದಲ್ಲಿ ಹನಿ, ಹದಿನೈದಕ್ಕೆ ದೋಸೆ ಚಪಾತಿ, ಮೂವತ್ತಕ್ಕೆ ಕರವಸ್ತ್ರ. ಬಾಳೆಎಲೆ, ನ್ಯೂಸ್ ಪೇಪರಿನ ಹಳೇ ಪೊಟ್ಟಣ ಹಬೆಯನ್ನಾದರೂ ಹೀರುತ್ತಿತ್ತು, ಶಾಯಿ ಹತ್ತುತ್ತಿತ್ತು ಅನ್ನುವುದು ಬೇರೆ ಮಾತು. ಪಲ್ಯ ಬೇರೆ ಕಟ್ಟಿಸಿ, ಡಬ್ಬಿಯ ಬಾಯಿ ಸ್ವಲ್ಪ ತೆರೆದಿಡಿ ಎಂದರೆ ಅರ್ಧ ಕಾಯಿಲೆ ವಾಸಿ. ಅದರ ಬದಲು ‘ಸಾಗ್ಗಿ’, ಅಂದರೆ ಒದ್ದೆ ಮೆತ್ತಗಿದೆ, ಎಂದು ಟೈಪು ಮಾಡುವುದು ಸುಲಭ. ನಲವತ್ತು ನಿಮಿಷ ಬೆನ್ನ ಮೇಲಿನ ಬ್ಯಾಗಿನಲ್ಲಿ ಬೆವರಿದ ದೋಸೆಯ ಅಂಕವನ್ನು ಭಟ್ಟರ ತಲೆಗೆ ಕಟ್ಟುವುದು ನ್ಯಾಯವಾದರೆ, ಮಗ ಫೇಲಾದದ್ದಕ್ಕೆ ಹೆರಿಗೆ ಮಾಡಿಸಿದ ಡಾಕ್ಟರನ್ನೂ ಕೇಳಬಹುದು.

ಕಾಫಿಯಲ್ಲಿ ‘ಸ್ಟ್ರಾಂಗ್’ ಎಂಬುದೊಂದೇ ಮಾನದಂಡ. ಪುಡಿಯಲ್ಲಿ ನೂರಕ್ಕೆ ಚಿಕೋರಿ 20 ಇರಬಹುದು, 40 ಇರಬಹುದು. ಕಾಯ್ದೆಯ ಪ್ರಕಾರ ಕಾಫಿ ಕನಿಷ್ಠ 51 ಇದ್ದರಾಯಿತು. ಕಪ್ಪು ಬಣ್ಣ, ಮಂದ, ನಾಲಿಗೆಗೆ ಹತ್ತುವ ಕಹಿ ಚಿಕೋರಿಯವು; ಅದರಲ್ಲಿ ಕೆಫೀನ್ ಇಲ್ಲ. ಹಾಗಾಗಿ ‘ಊರಿನ ಅತ್ಯಂತ ಸ್ಟ್ರಾಂಗ್ ಕಾಫಿ’ ಎಂದು ಹೊಗಳಿಸಿಕೊಂಡದ್ದು ಕಾಫಿಯಲ್ಲ, ಚಿಕೋರಿ ಎಂಬ ಒಂದು ಬೇರು.

ಇಷ್ಟೆಲ್ಲ ಆದಮೇಲೂ ತೀರ್ಪು ಕೊಡಲೇಬೇಕಲ್ಲ. ಮಾಣಿ ತಂದಿಟ್ಟ ದೋಸೆಗೆ ಗರಿ ಉಳಿಯುವುದು ಹೆಚ್ಚೆಂದರೆ ನಾಲ್ಕೈದು ನಿಮಿಷ. ಮೊದಲ ನಿಮಿಷ ಮೇಲಿನಿಂದ ಫೋಟೋ. ಎರಡನೆಯದು ಪಕ್ಕದಿಂದ, ಚಟ್ನಿ ಬಟ್ಟಲು ಸರಿಸಿ. ಮೂರನೆಯದು ದೋಸೆ ಮುರಿಯುವ ವಿಡಿಯೋ. ಶಬ್ದ ಸರಿ ಬರಲಿಲ್ಲವೆಂದು ಇನ್ನೊಂದು ತುದಿ ಮುರಿದು ಮತ್ತೊಮ್ಮೆ. ನಾಲ್ಕನೆಯದು ಹಬೆ ಕಾಣಲಿಲ್ಲವೆಂಬ ಚಿಂತೆ. ಐದನೆಯ ನಿಮಿಷಕ್ಕೆ ಮೊದಲ ತುತ್ತು, ಹುಬ್ಬು ಗಂಟು. ಗರಿಗರಿ ಇಲ್ಲ. ಮೂರು ಕೊಡುವುದೋ ಮೂರೂವರೆ ಕೊಡುವುದೋ ಎಂದು ಹೆಬ್ಬೆರಳು ಗಾಳಿಯಲ್ಲಿ ನಿಂತಿದೆ. ಕುರ್ಚಿಯ ಬೆನ್ನು ಹಿಡಿದು, ಆಗಿನಿಂದ ನಿಂತೇ ಇರುವ ಮುಂದಿನ ಗಿರಾಕಿ ಒಂದು ಸಲ ಕೆಮ್ಮಿದ. ಮಾಣಿ ಬಿಲ್ಲು ತಂದು ತಟ್ಟೆಯ ಪಕ್ಕ ಇಟ್ಟು ಕೇಳಿದ:

“ಸಾರ್, ಆಯ್ತಾ? ಎದ್ದರೆ ಇವರು ಕೂತ್ಕೋತಾರೆ.”