ನಟ ಸೋನು ಸೂದ್ ಹೆಸರಲ್ಲಿ ಹಣ ಕೇಳುವ ಸಂದೇಶ: ಸತ್ಯಾಂಶ

"ಸೋನು ಸೂದ್ ಅವರ ನೆರವು ಬೇಕಾ? ಮೊದಲು ನೋಂದಣಿ ಶುಲ್ಕ ಕಳಿಸಿ." ಮುಂಬೈ ಕನ್ನಡಿಗರ ವಾಟ್ಸಾಪ್ ಗುಂಪುಗಳಿಗೆ ಇಂಥ ಸಂದೇಶ ಬಂದರೆ ನಂಬಬೇಡಿ. ಅದು ಸುಳ್ಳು.

ನಿಜವಾಗಿ ನಡೆದದ್ದು ನಮಗೆ ತುಂಬ ಹತ್ತಿರದ ಸಂಗತಿ. 2020ರ ಮೇ, ಲಾಕ್‌ಡೌನ್ ಸಮಯ. ಕೆಲಸವಿಲ್ಲ, ಬಸ್ಸಿಲ್ಲ. ಜನ ಮಕ್ಕಳನ್ನು ಎತ್ತಿಕೊಂಡು ಹೆದ್ದಾರಿಯಲ್ಲಿ ನಡೆದೇ ಊರಿಗೆ ಹೊರಟಿದ್ದರು. ನೆನಪಿದೆ ಅಲ್ವಾ? ಆಗ ಸೋನು ಶುರುವಿನಲ್ಲೇ ಬಸ್ ಮಾಡಿಕೊಟ್ಟದ್ದು ನಮ್ಮ ಕಲಬುರಗಿ ಕಡೆಯ ಕೂಲಿಕಾರರಿಗೆ. ಥಾಣೆಯಿಂದ 10 ಬಸ್ಸುಗಳು ಹೊರಟವು. ಮಹಾರಾಷ್ಟ್ರ, ಕರ್ನಾಟಕ ಎರಡೂ ಸರ್ಕಾರಗಳ ಅನುಮತಿ ಪಡೆದಿದ್ದರು. ಗಡಿ ಮುಚ್ಚಿದ್ದ ಆ ದಿನಗಳಲ್ಲಿ ಬಸ್ಸಿಗಿಂತ ಆ ಕಾಗದಪತ್ರವೇ ದೊಡ್ಡ ಕೆಲಸ. ಬೀಳ್ಕೊಡಲು ಅವರೇ ಬಂದು ನಿಂತಿದ್ದರು. ನನಗೆ ಅದೇ ಜಾಸ್ತಿ ಮನಸ್ಸಿಗೆ ತಟ್ಟಿದ್ದು.

ಅವರ ಹೆಸರಲ್ಲಿ ಹಣ ಕೇಳುವವರು ಹುಟ್ಟಿಕೊಂಡಾಗ ಅದೇ ವರ್ಷ ಅವರೇ ಎಚ್ಚರಿಸಿದರು: ಈ ಸೇವೆಗೆ ಹಣ ಕೊಡಬೇಕಿಲ್ಲ, ಯಾರಾದರೂ ಕೇಳಿದರೆ ನಮಗೆ ಅಥವಾ ಪೊಲೀಸರಿಗೆ ತಿಳಿಸಿ ಎಂದು.

ಈಗಾಗಲೇ ಹಣ ಕಳಿಸಿದ್ದರೆ ನಾಚಿಕೊಂಡು ಸುಮ್ನೆ ಕೂರಬೇಡಿ. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಬೇಗ ತಿಳಿಸಿದಷ್ಟೂ ಹಣ ಮುಂದಿನ ಖಾತೆಗೆ ಜಾರುವ ಮೊದಲೇ ತಡೆಯುವ ಸಾಧ್ಯತೆ ಜಾಸ್ತಿ.