ಅರವತ್ತು ಪರ್ಸೆಂಟ್ ಮೊದಲೇ ಯಾಕೆ ಕೊಡಬೇಕು ಸ್ವಾಮಿ?

ಇವತ್ತು ಮೈಸೂರಲ್ಲಿ ಚಿಕ್ಕಪ್ಪನ ಮನೆಗೆ ಹೋಗಿ ಬಂದೆ. ತಲೆ ಕೆಟ್ಟಿದೆ. ಬರಹ ಉದ್ದ ಆಗುತ್ತದೆ, ಪುರುಸೊತ್ತಿದ್ದವರು ಓದಿ.

ಎರಡು ಬಾತ್‌ರೂಮ್ ರಿಪೇರಿ, 2,40,000 ರೂಪಾಯಿಗೆ ಮಾತು. ಅದರಲ್ಲಿ 1,44,000ಕ್ಕೆ ಕೆಲಸ ಶುರುವಾಗುವ ಮೊದಲೇ ಚೆಕ್ ಹೋಗಿದೆ. ನೂರಕ್ಕೆ ಅರವತ್ತು! ಆಗಿರುವ ಕೆಲಸ ಏನಪ್ಪಾ ಅಂದ್ರೆ ಹಳೇ ಟೈಲ್ಸ್ ಒಡೆದು ಮೂಟೆ ಕಟ್ಟಿ ಗೇಟಿನ ಪಕ್ಕ ಇಟ್ಟಿದ್ದಾರೆ. ಹೊಸ ಕಮೋಡ್ ಪೋರ್ಟಿಕೋದಲ್ಲಿ ಪ್ಲಾಸ್ಟಿಕ್ ಸುತ್ತಿಕೊಂಡು ಕೂತಿದೆ. ಪೇಪರ್ ಹುಡುಗ ದಿನಾ ಅದರ ಮೇಲೇ ಪೇಪರ್ ಇಟ್ಟು ಹೋಗುತ್ತಾನಂತೆ. ಚಿಕ್ಕಮ್ಮ ಟವಲ್ ಹಿಡಿದು ಪಕ್ಕದ ಮನೆಗೆ ಸ್ನಾನಕ್ಕೆ ಹೋಗುತ್ತಾರೆ. ಕಂಟ್ರಾಕ್ಟರ್‌ಗೆ ಫೋನ್ ಮಾಡಿದರೆ "ಹುಡುಗ್ರು ಊರಿಗೆ ಹೋಗಿದಾರೆ ಸರ್".

"ಅಷ್ಟು ಯಾಕೆ ಕೊಟ್ರಿ ಚಿಕ್ಕಪ್ಪ?" ಅಂದೆ.

"ಕೇಳಿದ್ರು ಕಣೋ. ಇಲ್ಲ ಅನ್ನೋಕೆ ಒಂಥರಾ ಮುಜುಗರ."

ಮುಜುಗರ! ಸೊಪ್ಪಿನವಳ ಹತ್ತಿರ ಐದು ರೂಪಾಯಿಗೆ ಗಂಟೆಗಟ್ಟಲೆ ವಾದ ಮಾಡುವ ಮನುಷ್ಯ ಇವರು.

ಈಗ ನೀವು ಕೇಳುತ್ತೀರಿ, ಪಾಪ ಅವರೂ ಬದುಕಬೇಕಲ್ವಾ, ಸಾಮಾನು ತರೋಕೆ ದುಡ್ಡು ಬೇಡ್ವಾ, ಲೇಬರ್‌ಗೆ ಏನು ಕೊಡ್ತಾರೆ ಅಂತ. ಈ ವಿಷಯದಲ್ಲಿ ನನಗೆ ಪಾಠ ಬೇಡ. ನಮ್ಮಪ್ಪ ಗಾರೆ ಕೆಲಸದವರು, ನಿಮಗೆಲ್ಲ ಗೊತ್ತಿರೋದೇ. ಶನಿವಾರ ಸಂಜೆ ಬಟವಾಡೆಗೆ ಅಂತ ಯಾರದೋ ಮನೆ ಕಾಂಪೌಂಡಿನ ಹೊರಗೆ ನಿಂತು, "ಸೋಮವಾರ ಬಾರಪ್ಪ" ಅನ್ನಿಸಿಕೊಂಡು ಬರುತ್ತಿದ್ದರು. ಆ ಮನೆಯವರ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಆದರೆ ಅಪ್ಪ ಕೇಳುತ್ತಿದ್ದದ್ದು ಆಗಿ ಮುಗಿದ ಕೆಲಸದ ದುಡ್ಡು. ಈ ಪುಣ್ಯಾತ್ಮ ಇಸ್ಕೊಂಡಿರೋದು ಹಚ್ಚದೇ ಇರುವ ಸಿಮೆಂಟಿನ ದುಡ್ಡು. ಎರಡೂ ಒಂದೇನಾ?

ಸಾಮಾನಿಗೆ ದುಡ್ಡು ಬೇಕಾ? ಟೈಲ್ಸ್, ಪೈಪು, ಸಿಮೆಂಟು ನೀವೇ ಅಂಗಡಿಗೆ ಹೋಗಿ ಕೊಳ್ಳಿ, ಬಿಲ್ ನಿಮ್ಮ ಹೆಸರಲ್ಲೇ ಇರಲಿ. ಕೆಲಸ ಶುರು ಮಾಡೋಕೆ ನೂರಕ್ಕೆ ಹತ್ತು ಕೊಡಿ, ಸಾಕು. ಗೋಡೆಯೊಳಗಿನ ಪೈಪು ಮುಚ್ಚುವ ಮುಂಚೆ ಪ್ರೆಶರ್ ಟೆಸ್ಟ್ (ಒತ್ತಡ ಹಾಕಿ ನೀರು ತುಂಬಿಸಿ ಸೋರುತ್ತಾ ಅಂತ ನೋಡೋದು) ಮಾಡಿಸಿ, ಆಮೇಲೆ ಒಂದು ಕಂತು. ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ಹೋಗುವ ದಾರಿ ಮುಚ್ಚಿ, ನೆಲದಲ್ಲಿ ನೀರು ನಿಲ್ಲಿಸಿ, ಎರಡು ದಿನ ಬಿಟ್ಟು ಕೆಳಗಡೆ ಸೀಲಿಂಗ್ ನೋಡಿ. ಒಣಗಿದೆಯಾ, ಇನ್ನೊಂದು ಕಂತು. ಟೈಲ್ಸ್ ಕೂತ ಮೇಲೆ ನೀವು ಏನೂ ನೋಡೋಕಾಗಲ್ಲ, ಸೋರಿದರೆ ಮತ್ತೆ ಒಡೀಬೇಕು, ಅದಕ್ಕೇ ಹೇಳ್ತಿರೋದು. ಕೊನೆಯ ಹತ್ತು ಪರ್ಸೆಂಟ್ ಒಂದು ತಿಂಗಳು ಬಳಸಿ ನೋಡಿ ಕೊಡಿ. ಸರ್ಕಾರಿ ಕಾಮಗಾರಿಯಲ್ಲೂ ಕಂಟ್ರಾಕ್ಟರ್ ದುಡ್ಡು ಸ್ವಲ್ಪ ಹಿಡಿದಿಟ್ಟುಕೊಂಡೇ ಇರುತ್ತಾರೆ, ನಮಗೇನು ದಾಡಿ?

ಹಾಂ, ಒಂದು ಹಂತ ಮುಗೀತು ಅಂದ್ರೆ ಅವತ್ತೇ ಸಂಜೆ ದುಡ್ಡು ಹಾಕಬೇಕು. "ಎಟಿಎಂ ಕಾರ್ಡ್ ಮಗನ ಹತ್ರ ಇದೆ" ಅನ್ನುವ ಆಟ ಬೇಡ. ಅದನ್ನು ಆಡುವವರು ನನ್ನ ಫ್ರೆಂಡ್ ಲಿಸ್ಟಲ್ಲೇ ಇದ್ದೀರಿ.

ಚಿಕ್ಕಪ್ಪನ ಹತ್ತಿರ ಇರುವ ದಾಖಲೆ ಒಂದೇ ಹಾಳೆ. ಒಟ್ಟು ಮೊತ್ತ ಬರೆದು ಕೆಳಗೆ ಎರಡು ಗೆರೆ ಎಳೆದಿದೆ. ಯಾವ ಟೈಲ್ಸ್, ಯಾವ ಪೈಪು, ಯಾವಾಗ ಮುಗಿಯುತ್ತೆ, ಊಹೂಂ. "ಬಿಲ್ ಬೇಡ ಅಂದ್ರೆ 18 ಪರ್ಸೆಂಟ್ ಜಿಎಸ್‌ಟಿ ಉಳಿಯುತ್ತೆ ಸರ್" ಅಂತ ಕಂಟ್ರಾಕ್ಟರ್ ಅಂದನಂತೆ, ಇವರು ಖುಷಿಯಿಂದ ಹೂಂ ಅಂದರಂತೆ. ಈಗ ಉಳಿದಿರೋದು ಆ ಚೆಕ್ಕಿನ ಲೆಕ್ಕ ಮತ್ತು ವಾಟ್ಸಾಪ್ ಮಾತುಗಳು ಮಾತ್ರ. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಡಿ ಅಂದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಎರಡು ವರ್ಷದೊಳಗೆ ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. "ಕೋರ್ಟು ಕಚೇರಿ ಯಾಕೋ" ಅಂತ ಮತ್ತೆ ಮುಜುಗರ.

ನಾನು ಹೊರಡುವ ಹೊತ್ತಿಗೆ ಅವನ ಮೆಸೇಜು ಬಂತು. "ಬ್ಯಾಲೆನ್ಸಲ್ಲಿ ಐವತ್ತು ಸಾವಿರ ಹಾಕಿ ಸರ್, ನಾಳೆನೇ ಹುಡುಗ್ರನ್ನ ಕಳಿಸ್ತೀನಿ." ಚಿಕ್ಕಪ್ಪ ಕನ್ನಡಕ ಹುಡುಕುತ್ತಾ ಚೆಕ್ ಬುಕ್ ಎಲ್ಲಿ ಅಂತ ಕೇಳಿದರು. ಅದು ಈಗ ನನ್ನ ಬ್ಯಾಗಲ್ಲಿದೆ.