ಒರೆಸಿದ ನೆಲ ಮತ್ತು ನಮ್ಮ ಮಿಲ್ಟ್ರಿ ಮಾವ

ಇವತ್ತು ಬೆಳಿಗ್ಗೆ ನೆಲ ಒರೆಸಿ, ಬಕೆಟ್ ನೀರನ್ನು ಹಿತ್ತಲಿಗೆ ಚೆಲ್ಲಿ ಬರುವಷ್ಟರಲ್ಲಿ ನಡುಮನೆಯಲ್ಲಿ ಜಾತ್ರೆ ಮುಗಿದಿತ್ತು. ಮಗನ ಶೂ, ಗಂಡನ ಬಚ್ಚಲ ಚಪ್ಪಲಿ, ಹಾಲಿನ ದುಡ್ಡಿಗೆ ಬಂದವನ ಬರಿಗಾಲು, ಜೊತೆಗೆ ಪಕ್ಕದ ಮನೆ ಬೆಕ್ಕಿನ ನಾಲ್ಕು ಪಾದ. ಒಬ್ಬರಾದರೂ ಇನ್ನೊಬ್ಬರ ಹೆಜ್ಜೆಯ ಮೇಲೆ ಹೆಜ್ಜೆ ಇಟ್ಟಿದ್ದರೆ ಕೇಳಿ! ನೆಲ ಒಣಗಿರುವಾಗ ಸೋಫಾ ಬಿಟ್ಟು ಕದಲದವರಿಗೆ, ಅದು ಒದ್ದೆಯಾದ ಕೂಡಲೇ ಫ್ರಿಜ್ಜಿನ ಹತ್ತಿರ, ಚಾರ್ಜರ್ ಹತ್ತಿರ, ದೇವರ ಮನೆ ಹತ್ತಿರ ಎಲ್ಲಿಲ್ಲದ ಕೆಲಸ. ದೇವರ ಮನೆಗಂತೂ ನನ್ನ ಗಂಡ ಯುಗಾದಿಗೂ ಕರೆದರಷ್ಟೇ ಹೋಗುವುದು.

ಮಾವ ಇದ್ದಿದ್ದರೆ ಇವರೆಲ್ಲ ಈಗ 'ಸತ್ತು' ಕೂತಿರುತ್ತಿದ್ದರು.

ಹೇಳುತ್ತೇನೆ. ನಮ್ಮ ಮಾವ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿ, ಅಂದರೆ ಎಂಇಜಿಯಲ್ಲಿ, ಹವಾಲ್ದಾರ್ ಆಗಿ ನಿವೃತ್ತರಾದವರು. ಊರಿಗೆಲ್ಲ 'ಮಿಲ್ಟ್ರಿ ಯಜಮಾನ್ರು'. ಪಲ್ಟನ್ನಿನ ಗೆಳೆಯರಿಗೆ ಮಾತ್ರ ಎಪ್ಪತ್ತು ದಾಟಿದ ಮೇಲೂ 'ತಂಬಿ'. ಸೇತುವೆ ಕಟ್ಟುವುದು, ರಸ್ತೆ ಮಾಡುವುದು, ಅಡ್ಡ ಬಂದದ್ದನ್ನು ಉಡಾಯಿಸುವುದು ಅವರ ಕೆಲಸ. ಅಡುಗೆಮನೆ ಸಿಂಕಿನ ಪೈಪ್ ಕಟ್ಟಿಕೊಂಡರೆ ಸಾಕು, ಪ್ಲಂಬರ್ ಬರುವ ಮೊದಲೇ ಬೆಂಗಳೂರು ಟಾರ್ಪಿಡೊ ಬರುತ್ತಿತ್ತು. 1912ರಲ್ಲಿ ಇದೇ ಪಡೆಯ ಅಧಿಕಾರಿಯೊಬ್ಬ ನಮ್ಮ ಬೆಂಗಳೂರಿನಲ್ಲೇ ಕಂಡುಹಿಡಿದದ್ದು. ಕೊಳವೆಗೆ ಮದ್ದು ತುಂಬಿ ಮುಳ್ಳುತಂತಿಯ ಕೆಳಗೆ ತೂರಿಸಿದರೆ ದಾರಿ ಸಲೀಸು. "ಸಿಂಕಿಗೆ ಬೇಡ ಮಾವ" ಎಂದು ನಾನು, "ಸುಮ್ನೆ ಹೇಳ್ದೆ ಕಣಮ್ಮ" ಎಂದು ಅವರು.

ಸಿಂಕ್ ಉಳಿಯಿತು, ನೆಲ ಉಳಿಯಲಿಲ್ಲ. ನೆಲದಲ್ಲಿ ಹೂತ ಮೈನುಗಳ ನಡುವೆ ದಾರಿ ಬಿಡಿಸುವವರು ಸಲಾಕೆಯನ್ನು ಓರೆಯಾಗಿ ಚುಚ್ಚಿ ಚುಚ್ಚಿ ನೋಡುತ್ತ ತೆವಳುತ್ತಾರಂತೆ. ನೆಟ್ಟಗೆ ಚುಚ್ಚಿದರೆ ಮೈನಿನ ನೆತ್ತಿಗೇ ತಾಗೀತು. ಅಪಾಯವಿಲ್ಲದ ಜಾಗದ ಎರಡೂ ಅಂಚಿಗೆ ಬಿಳಿ ಪಟ್ಟಿ ಎಳೆಯುತ್ತಾರೆ. ಹಿಂದೆ ಬರುವವರು ಅದರೊಳಗೇ ನಡೆಯಬೇಕು. ಪೆನ್ಷನ್ ಬಂದ ಮೇಲೆ ಮಾವನಿಗೆ ಸಿಕ್ಕ ರಣರಂಗ ನಮ್ಮ ನಡುಮನೆ.

ನಾನು ಒರೆಸುವ ಬಟ್ಟೆ ಹಿಂಡುವುದನ್ನೇ ಕಾದಿದ್ದು, ಹಳೇ ಮಂಚದಿಂದ ಬಿಚ್ಚಿದ ಬಿಳಿ ನವಾರಿನ ಎರಡು ಸುರುಳಿ ಹಿಡಿದು ಬರುತ್ತಿದ್ದರು. ಬಾಗಿಲಿನಿಂದ ಬಚ್ಚಲವರೆಗೆ ಒಂದು ದಾರಿ, ಅದರಿಂದ ಅಡುಗೆಮನೆಗೆ ಒಂದು ಕವಲು. ಅಗಲ ಒಬ್ಬ ಮನುಷ್ಯ ಮತ್ತು ಒಂದು ಕಾಫಿ ಲೋಟ ಹೋಗುವಷ್ಟು. ತುದಿಗಳಿಗೆ ಕುಟ್ಟಾಣಿ, ಸೇರು, ನನ್ನ ಮಿಕ್ಸಿ ಜಾರು ಭಾರ ಇಟ್ಟು "ಲೇನ್ ಕ್ಲಿಯರ್!" ಎಂದು ಕೂಗಿದ ಮೇಲೆಯೇ ಸಂಚಾರ. ಪಟ್ಟಿಯ ಆಚೆ ಕಾಲಿಟ್ಟವರಿಗೆ ಬೈಗುಳವಿಲ್ಲ, ಬರೀ ತೀರ್ಪು: "ಸತ್ತೆ ನೀನು. ಅಲ್ಲೇ ಕೂತ್ಕೋ." ನೆಲ ಒಣಗುವವರೆಗೆ ಸತ್ತವರು ಏಳುವ ಹಾಗಿಲ್ಲ. ಇದರ ಲಾಭ ಮೊದಲು ತಿಳಿದದ್ದು ನನ್ನ ಮಗನಿಗೆ. ಗಣಿತದ ಟೆಸ್ಟ್ ಇದ್ದ ದಿನವೆಲ್ಲ ಸ್ಕೂಲ್ ವ್ಯಾನ್ ಹಾರ್ನ್ ಹೊಡೆಯುವ ಹೊತ್ತಿಗೆ ಸರಿಯಾಗಿ ವೀರಮರಣ. ಸತ್ಯನಾರಾಯಣ ಪೂಜೆಗೆ ಬಂದ ಪುರೋಹಿತರು ಕಲಶ ಹಿಡಿದು ಲೇನಿನಲ್ಲೇ ಬಂದರು. ಅತ್ತೆಯ ತಂಗಿ ಬಂದಾಗ ಮಾವ ಒಂದು ಕ್ಷಣ ಅಳೆದು ನೋಡಿ, "ಇವರಿಗೆ ಟ್ಯಾಂಕಿನ ಲೇನೇ ಬೇಕು" ಎಂದುಬಿಟ್ಟರು. ಆಕೆ ದೀಪಾವಳಿಯವರೆಗೆ ನಮ್ಮ ಮನೆ ಕಡೆ ತಲೆ ಹಾಕಲಿಲ್ಲ. ಒಮ್ಮೆ ಅತ್ತೆಯೇ ಸತ್ತರು. ಒಲೆ ಮೇಲೆ ಸಾರು ಉಕ್ಕುತ್ತಿತ್ತು. "ಯುದ್ಧದಲ್ಲಿ ಸಾರು ನೋಡಕ್ಕಾಗಲ್ಲ" ಎಂದರು ಮಾವ. ಆಮೇಲೆ ಅತ್ತೆ ಆಡಿದ ಮಾತನ್ನು ಇಲ್ಲಿ ಬರೆಯಲಾರೆ.

ಇಷ್ಟಾಗಿ, ಒದ್ದೆ ನವಾರು ನೆಲದುದ್ದಕ್ಕೂ ಕಂದು ಗೀಟು ಉಳಿಸುತ್ತಿತ್ತು. ಅದನ್ನು ಮತ್ತೆ ಒರೆಸುವವಳು ನಾನು. ಒರೆಸಿದರೆ ನೆಲ ಮತ್ತೆ ಒದ್ದೆ. ಒದ್ದೆಯಾದರೆ ಮತ್ತೆ ನವಾರು.

ನಿಜವಾದ ಲೇನಿನ ಬಗ್ಗೆ ಮಾತ್ರ ಅವರ ಬಾಯಿ ಬಿಡಿಸುವುದು ಕಷ್ಟವಿತ್ತು. 1971ರ ಡಿಸೆಂಬರ್, ಪಾಕಿಸ್ತಾನದ ಜೊತೆಗಿನ ಯುದ್ಧ, ಗಡಿಯಾಚೆಯ ಶಕರ್‌ಗಢದ ಕಡೆ, ಬಸಂತರ್ ನದಿ. ಎಂಜಿನಿಯರುಗಳು ಮೈನ್ ತೆಗೆದು ಮುಗಿಸುವ ಮೊದಲೇ ನಮ್ಮ ಸೇನೆಯ ಪೂನಾ ಹಾರ್ಸ್‌ನ ಟ್ಯಾಂಕುಗಳು ಆ ದಾರಿಯಲ್ಲಿ ನುಗ್ಗಿದವು. ಮರುದಿನ, ಡಿಸೆಂಬರ್ 16ರಂದು, ಅದೇ ಪಡೆಯ 21 ವರ್ಷದ ಅಧಿಕಾರಿ ಅರುಣ್ ಖೇತ್ರಪಾಲ್ ತಮ್ಮ ಟ್ಯಾಂಕಿನಲ್ಲೇ ಪ್ರಾಣ ಬಿಟ್ಟರು; ಪರಮವೀರ ಚಕ್ರ ಬಂತು. ಅದೇ ದಿನ ಢಾಕಾದಲ್ಲಿ ಪಾಕ್ ಸೇನೆಯ ಶರಣಾಗತಿಗೆ ಸಹಿ. ಪಶ್ಚಿಮದಲ್ಲಿ ಗುಂಡು ನಿಂತದ್ದು 17ಕ್ಕೆ. ಇದೆಲ್ಲ ನಾನು ಓದಿ ತಿಳಿದದ್ದು. ಮಾವನನ್ನು ಕೇಳಿದರೆ, "ಚಳಿ ಕಣಮ್ಮ. ಬೆರಳಿಗೆ ಕಬ್ಬಿಣ ಹಿಡಿದದ್ದೇ ಗೊತ್ತಾಗ್ತಿರಲಿಲ್ಲ" ಎನ್ನುತ್ತಿದ್ದರು. ಒಂದೇ ಒಂದು ಸಲ, ಮೊಮ್ಮಗ ಪಟ್ಟಿ ದಾಟಿ ಕಿಸಕ್ಕನೆ ನಕ್ಕಾಗ, ಅವನನ್ನು ಎತ್ತಿ ತೊಡೆ ಮೇಲೆ ಕೂರಿಸಿಕೊಂಡು, ಕೋಲಾರದ ಕಡೆಯ ಹುಡುಗನೊಬ್ಬ ಹೀಗೇ ಒಂದು ಹೆಜ್ಜೆ ಆಚೆ ಇಟ್ಟ ಎಂದರು. ನಾನು ಬಟ್ಟೆ ಹಿಂಡುತ್ತ ನಿಂತೆ. ಮುಂದೆ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಹೋದ ಶ್ರಾವಣದಲ್ಲಿ ಮಾವ ಹೋದರು. ಅವರ ಜೊತೆ ಮಿಲ್ಟ್ರಿ ಕ್ಯಾಂಟೀನ್ ಕೋಟಾದ ರಮ್ಮೂ ಹೋಯಿತು. ತಿಂಗಳ ಮೊದಲ ವಾರ ತಪ್ಪದೆ ಯೋಗಕ್ಷೇಮ ವಿಚಾರಿಸುತ್ತಿದ್ದ ನೆಂಟರೂ ಹೋದರು. ಮಾವ ಸ್ವತಃ ಕುಡಿಯುತ್ತಿರಲಿಲ್ಲ, ಹಂಚುತ್ತಿದ್ದರು. ಅವರ ಜನಪ್ರಿಯತೆಯ ಅರ್ಧ ಭಾಗ ಆ ಬಾಟಲಿಯದು ಎಂದು ಈಗ ಲೆಕ್ಕ ಸಿಕ್ಕಿದೆ.

ಉಳಿದದ್ದು ಅತ್ತೆಯ ಫ್ಯಾಮಿಲಿ ಪೆನ್ಷನ್. ಆಧಾರಿನಲ್ಲಿ ಅತ್ತೆಯ ಹೆಸರಿನ ಕೊನೆಗೆ 'ಅಮ್ಮ' ಇದೆ. ಮದುವೆಯಾದಾಗ ಪಾರ್ಟ್ ಟೂ ಆರ್ಡರ್, ಅಂದರೆ ಮದುವೆ-ಮಕ್ಕಳ ವಿವರ ದಾಖಲಿಸುವ ಸೇನೆಯ ಕಾಗದ, ಬರೆದ ಉತ್ತರದ ಕಡೆಯ ಗುಮಾಸ್ತ ಅದನ್ನು 'ದೇವಿ' ಮಾಡಿದ್ದಾನೆ. ಅಮ್ಮ, ದೇವಿ ಇಬ್ಬರೂ ಒಬ್ಬರೇ ಎಂದು ಊರ ಮಾರಿಗುಡಿಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಕಚೇರಿಗೆ ಮಾತ್ರ ಅಫಿಡವಿಟ್ ಬೇಕು, ಪೇಪರಿನಲ್ಲಿ ಜಾಹೀರಾತು ಬೇಕು, ಮಿಲ್ಟ್ರಿ ಪೆನ್ಷನ್ನಿನ ಸ್ಪರ್ಶ್ ಪೋರ್ಟಲ್ ತೆರೆದುಕೊಳ್ಳುವ ಮೂಡಿನಲ್ಲಿರಬೇಕು. ಒಂದು ಕೌಂಟರಿನವರು ಇನ್ನೊಂದಕ್ಕೆ ಕಳಿಸುತ್ತಾರೆ, ಅಲ್ಲಿ ಊಟದ ವೇಳೆ. ಅಂಥ ಕಡೆ ಯಾರೂ ಬಿಳಿ ಪಟ್ಟಿ ಎಳೆದಿರುವುದಿಲ್ಲ.

ನಿನ್ನೆ ಅಫಿಡವಿಟ್ಟಿಗೆ ಸಹಿ ಹಾಕಿಸಲು ಕೂರಿಸಿದರೆ ಅತ್ತೆ ಪೆನ್ನು ಕೆಳಗಿಟ್ಟರು.

"ಹಳೇ ಕಾಗದದಲ್ಲೂ ಅದನ್ನ ತಿದ್ದಿಬಿಡ್ತಾರಾ?"

ತಿದ್ದಲೇಬೇಕು, ಇಲ್ಲದಿದ್ದರೆ ದುಡ್ಡು ಬರುವುದಿಲ್ಲ ಎಂದೆ.

"ತಿದ್ದೋ ಮೊದಲು ಒಂದು ಜೆರಾಕ್ಸ್ ಮಾಡಿಸಿಡು. ಆ ಮನುಷ್ಯ ನನ್ನ ದೇವಿ ಅಂತ ಬರೆಸಿದ್ದು ಅದೊಂದೇ ಕಡೆ."